ಖೋಲಿ ನಂಬರಿನಿಂದ ಹೆಸರಿಗೆ

1960ರ ಫೆಬ್ರವರಿಯಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಂದು ಲೆಕ್ಕದ ಯಂತ್ರ ಕೆಲಸ ಶುರು ಮಾಡಿತು. ಸುಮಾರು 2,700 ವ್ಯಾಕ್ಯೂಮ್ ವಾಲ್ವುಗಳು, ಕೋಣೆ ತುಂಬುವಷ್ಟು ಕಪಾಟುಗಳು, ಅವುಗಳ ಕಾವು. ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ಕಟ್ಟಲಾದ ಮೊದಲ ಪೂರ್ಣಪ್ರಮಾಣದ ಡಿಜಿಟಲ್ ಕಂಪ್ಯೂಟರು ಅದು. ಎರಡು ವರ್ಷ ಅದಕ್ಕೆ ಹೆಸರೇ ಇರಲಿಲ್ಲ. 1962ರ ಜನವರಿಯಲ್ಲಿ ಕೊಲಾಬಾದ ಹೊಸ ಕಟ್ಟಡದ ಉದ್ಘಾಟನೆಗೆ ಬಂದ ಪ್ರಧಾನಿ ನೆಹರೂ ಅದಕ್ಕೆ ‘ಟಿಫ್ರ್ಯಾಕ್’ ಎಂದು ಹೆಸರಿಟ್ಟರು. ಯಂತ್ರಕ್ಕೆ ಹೀಗೆ ತಡವಾಗಿಯಾದರೂ ನಾಮಕರಣ ಆಯಿತು. ಅದರೊಳಗೆ ಹೋಗಿ ಬರುವ ಸಂಖ್ಯೆಗಳಿಗೆ ಮಾತ್ರ ಆ ಭಾಗ್ಯ ಬರಲಿಲ್ಲ.

ಟಿಫ್ರ್ಯಾಕ್‌ನ ನೆನಪಿನಲ್ಲಿ ಇದ್ದದ್ದು 2,048 ಮನೆಗಳು, ಒಂದೊಂದರಲ್ಲೂ 40 ಬಿಟ್. ಗಿರಣಗಾಂವದ ಚಾಳುಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಖೋಲಿಗೆ ನಂಬರು ಇರುತ್ತದೆ, ಒಳಗೆ ಯಾರಿದ್ದಾರೆ ಎಂಬುದು ನಂಬರಿಗೆ ಗೊತ್ತಿಲ್ಲ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಯಂತ್ರಕ್ಕೆ ‘ಬಡ್ಡಿಯನ್ನು ಅಸಲಿಗೆ ಕೂಡಿಸು’ ಎಂದು ಹೇಳಲು ಬರುತ್ತಿರಲಿಲ್ಲ. ‘ಇಂಥ ನಂಬರಿನ ಖೋಲಿಯಲ್ಲಿ ಇರುವುದನ್ನು ತೆಗೆದುಕೋ, ಇನ್ನೊಂದು ನಂಬರಿನ ಖೋಲಿಯಲ್ಲಿ ಇರುವುದನ್ನು ಅದಕ್ಕೆ ಕೂಡಿಸು’ ಎಂದಷ್ಟೇ ಹೇಳಬಹುದಿತ್ತು, ಅದನ್ನೂ ಸೊನ್ನೆ ಮತ್ತು ಒಂದುಗಳಲ್ಲಿ. ಯಾವ ಖೋಲಿಯಲ್ಲಿ ಬಡ್ಡಿ, ಯಾವುದರಲ್ಲಿ ಅಸಲು ಎಂಬುದು ಪ್ರೋಗ್ರಾಂ ಬರೆದವರ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲಿ ಇರುತ್ತಿತ್ತು. ಆ ನೋಟ್‌ಬುಕ್ ಕಳೆದುಹೋದರೆ ಪ್ರೋಗ್ರಾಂ ಇದ್ದೂ ಇಲ್ಲದಂತೆ.

ಈ ಯಂತ್ರವನ್ನು ಕಟ್ಟಿದವರಿಗೆ ಕಂಪ್ಯೂಟರ್ ಕಟ್ಟಿ ಗೊತ್ತಿರಲಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿ 1954ರಲ್ಲಿ ಸಂಸ್ಥೆಗೆ ಬಂದ ಆರ್. ನರಸಿಂಹನ್ ಮತ್ತು ಬೆರಳೆಣಿಕೆಯಷ್ಟು ಯುವ ಎಂಜಿನಿಯರುಗಳ ತಂಡ ಅದು. 1956ರಲ್ಲಿ ಒಂದು ಚಿಕ್ಕ ಮಾದರಿಯನ್ನು ಕಟ್ಟಿ ಧೈರ್ಯ ಮಾಡಿಕೊಂಡರು, ಆಮೇಲೆ ದೊಡ್ಡದಕ್ಕೆ ಕೈ ಹಾಕಿದರು. ಪ್ರಿನ್ಸ್‌ಟನ್ನಿನಲ್ಲಿ ಫಾನ್ ನಾಯ್ಮನ್ ಕಟ್ಟಿಸಿದ ಐಎಎಸ್ ಯಂತ್ರದ ಕುಲಕ್ಕೆ ಸೇರಿದ ವಿನ್ಯಾಸ ಇದರದು. ಆ ಕುಲದ ಯಂತ್ರಗಳಿಗೆ ಇನ್ನೊಂದು ಗುಣವಿತ್ತು: ಸಂಖ್ಯೆಗಳೆಲ್ಲ ಒಂದಕ್ಕಿಂತ ಚಿಕ್ಕವಾಗಿರಬೇಕು. 345 ಎಂದು ಬರೆಯುವಂತಿಲ್ಲ, .345 ಎಂದು ಬರೆದು ‘ಸಾವಿರದಿಂದ ಗುಣಿಸಬೇಕು’ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎರಡು ಸಂಖ್ಯೆ ಕೂಡಿ ಒಂದನ್ನು ದಾಟಿತೋ, ಲೆಕ್ಕ ಕೆಟ್ಟಿತು.

ಇನ್ನೂ ದೊಡ್ಡ ಕಷ್ಟ ತಿದ್ದುವಾಗ ಎದುರಾಗುತ್ತಿತ್ತು. ನೂರು ಆದೇಶಗಳ ಪ್ರೋಗ್ರಾಮಿನ ನಡುವೆ ಒಂದು ಆದೇಶ ಸೇರಿಸಬೇಕಾಯಿತು ಎನ್ನಿ. ಅದರ ಕೆಳಗಿನ ಆದೇಶಗಳೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿಯುತ್ತವೆ. ಅವುಗಳನ್ನು ನಂಬರಿನಿಂದ ಕರೆಯುತ್ತಿದ್ದ ಪ್ರತಿ ಆದೇಶವನ್ನೂ ಹುಡುಕಿ ತಿದ್ದಬೇಕು. ಒಂದು ಉಳಿದರೂ ಸಾಕು, ಯಂತ್ರ ತಪ್ಪು ಖೋಲಿಯ ಬಾಗಿಲು ತಟ್ಟುತ್ತದೆ, ಅಲ್ಲಿ ಸಿಕ್ಕಿದ್ದನ್ನೇ ಸಂಖ್ಯೆ ಎಂದು ನಂಬಿ ಗುಣಿಸಿಬಿಡುತ್ತದೆ. ಉತ್ತರ ಬರುತ್ತದೆ, ತಪ್ಪು ಎಂದು ಎಲ್ಲೂ ಹೇಳುವುದಿಲ್ಲ.

ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕಾದಾಗ ಅದನ್ನು ಬೇರೆ ಇಟ್ಟು, ಬೇಕೆಂದಾಗ ಕರೆಯುವ ಉಪಾಯ ಅಷ್ಟರಲ್ಲಿ ಬಂದಿತ್ತು. ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರಕ್ಕಾಗಿ ಡೇವಿಡ್ ವೀಲರ್ ಅದನ್ನು ರೂಢಿಗೆ ತಂದಿದ್ದರು, 1951ರಲ್ಲಿ ಅದರ ಬಗ್ಗೆ ಪುಸ್ತಕವೂ ಆಗಿತ್ತು. ವರ್ಗಮೂಲ ಬೇಕೆ? ವರ್ಗಮೂಲದ ತುಂಡು ಇರುವ ಮನೆಗೆ ಹಾರು, ಮುಗಿದ ಮೇಲೆ ವಾಪಸ್ಸು ಬಾ. ಆದರೆ ಎಲ್ಲಿಗೆ ವಾಪಸ್ಸು? ಕರೆಯುವವರು ತಮ್ಮ ವಿಳಾಸವನ್ನು ಆ ತುಂಡಿನ ಕೊನೆಯ ಆದೇಶದಲ್ಲೇ ಬರೆದಿಟ್ಟು ಹೋಗಬೇಕಿತ್ತು. ಹೋದ ಮನೆಯ ಗೋಡೆಯ ಮೇಲೆ ನಮ್ಮ ವಿಳಾಸ ಗೀಚಿ ಬರುವ ಹಾಗೆ. ಇನ್ನೊಬ್ಬರು ಬಂದು ತಮ್ಮದನ್ನು ಅದರ ಮೇಲೆಯೇ ಗೀಚುತ್ತಾರೆ. ಫಂಕ್ಷನ್ ಎಂದು ಇವತ್ತು ಕರೆಯುವುದರ ಹಿಂದಿನ ಜನ್ಮ ಇದು.

ಆ ಸಂಸ್ಥೆಯಲ್ಲಿ ಎಂಥ ಲೆಕ್ಕಗಳಿದ್ದವು ಎಂಬುದಕ್ಕೆ ಕನ್ನಡನಾಡಿನಲ್ಲೇ ಒಂದು ಉದಾಹರಣೆ ಇದೆ. ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್, ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾದವರು, 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಯೊಳಕ್ಕೆ ಉಪಕರಣ ಇಳಿಸಿದರು. ಆಕಾಶದಿಂದ ಬರುವ ಮ್ಯುವಾನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ತೂರುತ್ತವೆ ಎಂದು ಎಣಿಸುವ ಕೆಲಸ. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತಾ ಹೋಯಿತು. ತೀರಾ ಕೆಳಗೆ ವಾರಗಟ್ಟಲೆ ಕಾದರೂ ಒಂದೂ ಸಿಗಲಿಲ್ಲ. ಆ ನಿಶ್ಶಬ್ದವೇ ಅನುಕೂಲವಾಗಿ, 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಸಿಕ್ಕಿದ್ದು ಪ್ರಸಿದ್ಧ ಸಂಗತಿ. ಆ ಕತೆ ಇಲ್ಲಿ ಬೇಡ. ಇಲ್ಲಿ ಬೇಕಾದದ್ದು ಎರಡು ಪದ ಮಾತ್ರ: ಆಳ, ಎಣಿಕೆ. ಆಳ ಬದಲಾಗುವ ಮೊತ್ತ, ಶಾಲೆಯ ಪುಸ್ತಕದ ಭಾಷೆಯಲ್ಲಿ ಚರಾಕ್ಷರ. ಎಣಿಕೆ ಅದನ್ನು ಅವಲಂಬಿಸಿದ್ದು, ಉತ್ಪನ್ನವೆಂದೋ ಫಲನವೆಂದೋ ಕನ್ನಡದಲ್ಲಿ ಬರೆಯುತ್ತಾರೆ. ಗಣಿಯೊಳಗೆ ಇಳಿದವರ ತಲೆಯಲ್ಲಿ ಇದ್ದದ್ದು ಈ ಹೆಸರುಗಳು. ಟಿಫ್ರ್ಯಾಕ್‌ನಂಥ ಯಂತ್ರಕ್ಕೆ ಕೊಡುವಾಗ ಮಾತ್ರ ಆಳ ಒಂದು ಖೋಲಿ ನಂಬರು, ಎಣಿಕೆ ಇನ್ನೊಂದು ಖೋಲಿ ನಂಬರು.

ಇದರಲ್ಲಿ ಒಂದು ವಿಪರ್ಯಾಸವಿದೆ. ಮೊತ್ತಗಳಿಗೆ ಹೆಸರಿಟ್ಟು ಲೆಕ್ಕ ಮಾಡುವುದು ಈ ನೆಲದಲ್ಲಿ ಯಂತ್ರಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ತ್ರೈರಾಶಿಯನ್ನೇ ನೋಡಿ. ಆರ್ಯಭಟ 499ರಲ್ಲಿ ಹೇಳಿದ, ಆಮೇಲೆ ಎಲ್ಲ ಗಣಿತಜ್ಞರೂ ಹೇಳಿದ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನ ಕಾಲಕ್ಕೆ ಅಂಗಡಿಯ ಲೆಕ್ಕವೇ ಆಗಿಹೋಗಿದ್ದ ಸೂತ್ರ ಅದು. ಮೂರು ಮೊತ್ತಗಳಿಗೆ ಮೂರು ಹೆಸರು: ಪ್ರಮಾಣ, ಫಲ, ಇಚ್ಛಾ. ಐದು ಸೇರು ಅಕ್ಕಿಗೆ ಇಷ್ಟು ಹಣವಾದರೆ ಎಂಟು ಸೇರಿಗೆ ಎಷ್ಟು? ಐದು ಪ್ರಮಾಣ, ಹಣ ಫಲ, ಎಂಟು ಇಚ್ಛಾ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ. ಅಕ್ಕಿಯ ಜಾಗದಲ್ಲಿ ಎಣ್ಣೆ ಬರಲಿ, ಕೂಲಿ ಬರಲಿ, ಸೂತ್ರ ಬದಲಾಗುವುದಿಲ್ಲ. ಒಮ್ಮೆ ಹೇಳಿ ಹೆಸರಿಟ್ಟರೆ ಆಯಿತು, ಬೇಕಾದಾಗ ಬೇರೆ ಬೇರೆ ಮೊತ್ತ ಹಾಕಿ ಕರೆಯಬಹುದು. ಮೂರು ವಾದಗಳನ್ನು ತೆಗೆದುಕೊಂಡು ಒಂದು ಉತ್ತರ ಕೊಡುವ ಫಂಕ್ಷನ್ ಎಂದರೆ ಇದಕ್ಕಿಂತ ಬೇರೆಯಲ್ಲ.

ಗೊತ್ತಿಲ್ಲದ ಮೊತ್ತಗಳಿಗೂ ಹೆಸರಿದ್ದವು. ಎರಡನೆಯ ಭಾಸ್ಕರನ ‘ಬೀಜಗಣಿತ’ದಲ್ಲಿ ಮೊದಲ ಅಜ್ಞಾತ ‘ಯಾವತ್ತಾವತ್’, ಎಷ್ಟೋ ಅಷ್ಟು. ಮುಂದಿನವಕ್ಕೆ ಬಣ್ಣಗಳು: ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ, ಪೀ, ಲೋ. ಎಕ್ಸ್, ವೈ ಎನ್ನುವುದಕ್ಕಿಂತ ಇದು ನೆನಪಿಡಲು ಸುಲಭ, ನೋಡಲು ಚಂದ.

ಕೊಲಾಬಾದ ಯಂತ್ರಲೋಕಕ್ಕೆ ಹೆಸರುಗಳು ಬಂದದ್ದು 1964ರಲ್ಲಿ. ಆ ವರ್ಷ ಅಮೆರಿಕದ ಸಿಡಿಸಿ 3600 ಎಂಬ ಕಂಪ್ಯೂಟರು ಸಂಸ್ಥೆಗೆ ಬಂತು. 48 ಬಿಟ್ಟಿನ 32,768 ಮನೆಗಳು, ಟಿಫ್ರ್ಯಾಕ್‌ನ ಹದಿನಾರು ಪಟ್ಟು. ಸಂಸ್ಥೆಯವರು ಮಾತ್ರವಲ್ಲ, ದೇಶದ ಬೇರೆ ಬೇರೆ ಕಡೆಯ ವಿಶ್ವವಿದ್ಯಾಲಯ, ಪ್ರಯೋಗಾಲಯಗಳವರೂ ಅದನ್ನು ಬಳಸಿದರು. ಗಾತ್ರಕ್ಕಿಂತ ಮುಖ್ಯವಾದದ್ದು ಅದರ ಜೊತೆಗೆ ಬಂದ ಫೋರ್ಟ್ರಾನ್ ಭಾಷೆ. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ 1957ರಲ್ಲಿ ಹೊರತಂದ ಈ ಭಾಷೆಯ ಹೆಸರಿನಲ್ಲೇ ಸೂತ್ರ ಎಂಬ ಅರ್ಥದ ‘ಫಾರ್ಮುಲಾ’ ಅಡಗಿದೆ. ಇನ್ನು ಖೋಲಿ ನಂಬರು ಬೇಡ. ಹೆಸರು ಬರೆದರೆ ಸಾಕು, ಯಾವ ಹೆಸರಿಗೆ ಯಾವ ಖೋಲಿ ಎಂದು ಹಂಚುವ ಕೆಲಸ ಕಂಪೈಲರಿನದು. ನಡುವೆ ಒಂದು ಸಾಲು ಸೇರಿಸಿದರೂ ಹಂಚಿಕೆ ತಾನಾಗಿ ಸರಿಹೋಗುತ್ತದೆ. ಪೆನ್ಸಿಲ್ಲಿನ ಪಟ್ಟಿ ಯಂತ್ರದೊಳಕ್ಕೆ ಹೋಯಿತು.

ಹೆಸರಿಡುವುದಕ್ಕೂ ಕಟ್ಟಳೆಗಳಿದ್ದವು. ಆ ಕಾಲದ ಸಾಮಾನ್ಯ ಫೋರ್ಟ್ರಾನಿನಲ್ಲಿ ಹೆಸರು ಆರು ಅಕ್ಷರ ಮೀರುವಂತಿಲ್ಲ. ಬಲು ಮೋಜಿನದು ಇನ್ನೊಂದು: ಹೆಸರಿನ ಮೊದಲ ಅಕ್ಷರ ಇಂಗ್ಲಿಷಿನ ಐ, ಜೆ, ಕೆ, ಎಲ್, ಎಂ, ಎನ್ ಇವುಗಳಲ್ಲಿ ಒಂದಾದರೆ, ಬೇರೆ ಏನನ್ನೂ ಹೇಳದಿದ್ದ ಪಕ್ಷಕ್ಕೆ, ಅದು ಪೂರ್ಣಾಂಕ. ಬೇರೆ ಅಕ್ಷರವಾದರೆ ದಶಮಾಂಶ ಇರಬಹುದು. ಯಾರಾದರೂ ಇಂಗ್ಲಿಷ್ ಅಕ್ಷರದಲ್ಲಿ ‘ಕೂಲಿ’ ಎಂದು ಹೆಸರಿಟ್ಟು ಅದರಲ್ಲಿ 12.75 ಇಟ್ಟರೆ, ಕೆ ಅಕ್ಷರದ ದೆಸೆಯಿಂದ ಯಂತ್ರ 12ನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮುಕ್ಕಾಲು ರೂಪಾಯಿ ಸದ್ದಿಲ್ಲದೆ ಮಾಯ. ಅದೇ ‘ಬಡ್ಡಿ’ ಎಂದು ಹೆಸರಿಟ್ಟರೆ, ಬಿ ಅಕ್ಷರವಾದ್ದರಿಂದ, ಪೈಸೆಗೆ ಪೈಸೆ ಉಳಿಯುತ್ತದೆ. ಕೂಲಿಯವನಿಗೆ ಖೋತಾ, ಸಾಹುಕಾರನಿಗೆ ಲಾಭ. ಈ ನಿಯಮ ಮಾಡಿದವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ಗಣಿತದ ಪುಸ್ತಕಗಳಲ್ಲಿ ಎಣಿಕೆಗೆ ಐ, ಜೆ, ಎನ್ ಬಳಸುವ ರೂಢಿಯನ್ನು ಅವರು ಎತ್ತಿಕೊಂಡರು ಅಷ್ಟೆ.

ಇನ್ನೊಂದು ಸೌಕರ್ಯ ಸ್ವಂತ ಫಂಕ್ಷನ್. ಸೈನ್, ವರ್ಗಮೂಲ, ಲಾಗರಿದಮ್ ಇವೆಲ್ಲ ಭಾಷೆಯ ಜೊತೆಗೇ ಬರುತ್ತಿದ್ದವು, ಕ್ಲಾರ್ಕ್ಸ್ ಟೇಬಲ್ಲಿನ ಪುಟಗಳ ಹಾಗೆ. ಅವಕ್ಕೆ ಹೊರತಾದ ತನ್ನದೇ ಸೂತ್ರವಿದ್ದವರು ಪ್ರೋಗ್ರಾಮಿನ ಮೇಲುಭಾಗದಲ್ಲಿ ಒಂದೇ ಸಾಲಿನಲ್ಲಿ ಅದನ್ನು ಬರೆದಿಡಬಹುದಿತ್ತು: ಎಡಕ್ಕೆ ಹೆಸರು, ಕಂಸದಲ್ಲಿ ಚರಾಕ್ಷರಗಳು, ಸಮ ಚಿಹ್ನೆ, ಬಲಕ್ಕೆ ಸೂತ್ರ. ತ್ರೈರಾಶಿ ಹೀಗೆ ಒಂದು ಸಾಲಿನಲ್ಲಿ ಹಿಡಿಯುತ್ತದೆ. 1958ರ ಎರಡನೆಯ ಆವೃತ್ತಿಯಿಂದ ಹಲವು ಸಾಲುಗಳ ಫಂಕ್ಷನ್ ಕೂಡ ಬರೆಯಬಹುದಾಯಿತು. ಕಂಸದೊಳಗಿನ ಹೆಸರು ಬರೀ ಜಾಗ ಹಿಡಿಯುವ ಹೆಸರು, ಹೊರಗಿನ ಪ್ರೋಗ್ರಾಮಿನಲ್ಲಿ ಅದೇ ಹೆಸರಿನ ಬೇರೆ ಮೊತ್ತವಿದ್ದರೂ ಒಂದಕ್ಕೊಂದು ತಾಗುವುದಿಲ್ಲ. ಒಂದೇ ಚಾಳಿನ ಎರಡು ಮಾಳಿಗೆಯಲ್ಲಿ ಇಬ್ಬರು ಶೇಖರ ಇದ್ದ ಹಾಗೆ. ಒಬ್ಬನನ್ನು ಕೂಗಿದರೆ ಇನ್ನೊಬ್ಬ ಓಗೊಡುವುದಿಲ್ಲ. ಹೊಸಬರಿಗೆ ಇವತ್ತಿಗೂ ಮೊದಲು ಗೊಂದಲವಾಗುವ ಜಾಗ ಇದೇ.

ಆದರೆ ಇದು ಕೂತು ಮಾತಾಡುವ ಯಂತ್ರವಾಗಿರಲಿಲ್ಲ. ಪ್ರೋಗ್ರಾಮಿನ ಒಂದೊಂದು ಸಾಲಿಗೆ 80 ಕಾಲಮ್ಮಿನ ಒಂದೊಂದು ರಟ್ಟಿನ ಕಾರ್ಡು. ಕಾರ್ಡುಗಳ ಕಟ್ಟನ್ನು ಕೊಟ್ಟು ಬರಬೇಕು, ಸರದಿ ಬಂದಾಗ ಓಡುತ್ತದೆ, ಫಲಿತಾಂಶದ ಕಾಗದ ಆಮೇಲೆ. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಸರದಿ. ಹೆಸರಿಡುವ ಹಕ್ಕು ಸಿಕ್ಕಿತು, ಇಟ್ಟ ಹೆಸರನ್ನು ಕೂಡಲೇ ಕರೆದು ನೋಡುವ ಭಾಗ್ಯ ಸಿಗಲಿಲ್ಲ.

ಆ ಭಾಗ್ಯ ಕೊಟ್ಟದ್ದು ಲೆಕ್ಕದ ಪುಟ್ಟ ಪ್ರೋಗ್ರಾಮುಗಳು, ಕಂಪ್ಯೂಟರಿನಲ್ಲಿ ಕ್ಯಾಲ್ಕುಲೇಟರಿನಂತೆ ನಡೆಯುವಂಥವು. ಅವುಗಳಲ್ಲಿ ಹಳೆಯದೂ ಗಟ್ಟಿಯೂ ಆದ ಒಂದು ‘ಬಿಸಿ’. ಬೆಲ್ ಲ್ಯಾಬ್ಸ್‌ನಲ್ಲಿ ಲೊರಿಂಡಾ ಚೆರಿ ಮತ್ತು ರಾಬರ್ಟ್ ಮಾರಿಸ್ 1970ರ ದಶಕದಲ್ಲಿ ಯುನಿಕ್ಸ್‌ಗಾಗಿ ಬರೆದದ್ದು. ಎರಡು ಮತ್ತು ಎರಡು ಕೂಡಿಸು ಎಂದರೆ ಎಂಟರ್ ಒತ್ತಿದ ಕ್ಷಣ ನಾಲ್ಕು. ಜೊತೆಗೆ ಸ್ವಂತ ಚರಾಕ್ಷರ, ಸ್ವಂತ ಫಂಕ್ಷನ್. ಆದರೆ ಹೆಸರು ಒಂದೇ ಅಕ್ಷರ, ಇಂಗ್ಲಿಷಿನ ಚಿಕ್ಕ ಎಯಿಂದ ಝಡ್‌ವರೆಗೆ. ಭಾಸ್ಕರನ ಯಾ, ಕಾ, ನೀಗಳ ಬಳಿಗೆ ಮತ್ತೆ ಬಂದಂತಾಯಿತು, ಬಣ್ಣ ಮಾತ್ರ ಇಲ್ಲ.

ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರುಗಳು ಬೇರೆ ದಾರಿ ಹಿಡಿದವು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಚೀಲದಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಸಿಯೋ ಎಫ್ಎಕ್ಸ್-991ಎಂಎಸ್ ಮಾದರಿಯಲ್ಲಿ ಒಂಬತ್ತು ಹೆಸರುಗಳು ಕೀಲಿಗಳ ಮೇಲೇ ಅಚ್ಚಾಗಿವೆ: ಎಯಿಂದ ಎಫ್‌ವರೆಗೆ, ಎಕ್ಸ್, ವೈ, ಎಂ. ಮೊತ್ತವನ್ನು ಅದರಲ್ಲಿಡಬಹುದು, ತೆಗೆಯಬಹುದು. ನೂರಾರು ಫಂಕ್ಷನ್‌ಗಳಿವೆ, ಹೊಸದೊಂದನ್ನು ಹೆಸರಿಟ್ಟು ಉಳಿಸಿಡುವ ಅವಕಾಶವಿಲ್ಲ. ಅಂಥ ಅವಕಾಶವಿರುವ ಪ್ರೋಗ್ರಾಮಬಲ್ ಕ್ಯಾಲ್ಕುಲೇಟರುಗಳಿಗೆ ನಮ್ಮ ಪರೀಕ್ಷಾ ಹಾಲ್‌ಗಳಲ್ಲಿ ಪ್ರವೇಶವಿಲ್ಲ ಎಂಬ ಫಲಕ ಎಲ್ಲರೂ ಕಂಡದ್ದೇ. ಪರೀಕ್ಷೆಯವರ ಭಯಕ್ಕೆ ಕಾರಣವಿದೆ, ಸೂತ್ರಗಳನ್ನು ತುಂಬಿಕೊಂಡು ಬರಬಹುದು. ಆದರೂ ಸೂತ್ರವನ್ನು ತಾನೇ ಕಟ್ಟುವ ಕೌಶಲವನ್ನು ಕಳ್ಳಸಾಮಾನಿನ ಪಟ್ಟಿಗೆ ಸೇರಿಸಿದ್ದು ಗಣಿತದ ಪಾಠಕ್ಕೆ ಆದ ನಷ್ಟವೇ. ಈಚಿನ ಕ್ಲಾಸ್‌ವಿಝ್ ಎಫ್ಎಕ್ಸ್-991ಸಿಡಬ್ಲ್ಯೂ ಮಾದರಿಯಲ್ಲಿ ಎಫ್ ಮತ್ತು ಜಿ ಎಂಬ ಎರಡು ಫಂಕ್ಷನ್‌ಗಳನ್ನು ಬಳಸುವವರೇ ಬರೆದಿಡಬಹುದು. ಎರಡೇ ಎರಡು.

ಈ ‘ಕೊಟ್ಟದ್ದನ್ನು ಬಳಸು, ಹೊಸದನ್ನು ಸೇರಿಸಬೇಡ’ ಎಂಬ ಗೋಡೆ ದೊಡ್ಡ ಪ್ರೋಗ್ರಾಮುಗಳಲ್ಲೂ ಇತ್ತು. ಇವತ್ತು ಎಂಜಿನಿಯರುಗಳೆಲ್ಲ ಬಲ್ಲ ಮ್ಯಾಟ್‌ಲ್ಯಾಬ್ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಕ್ಲೀವ್ ಮೋಲರ್ ತಮ್ಮ ವಿದ್ಯಾರ್ಥಿಗಳಿಗಾಗಿ ಫೋರ್ಟ್ರಾನಿನಲ್ಲಿ ಬರೆದ ಮ್ಯಾಟ್ರಿಕ್ಸ್ ಕ್ಯಾಲ್ಕುಲೇಟರ್ ಆಗಿ. ಅದರಲ್ಲಿ ಇದ್ದದ್ದು ಎಪ್ಪತ್ತು-ಎಂಬತ್ತು ಫಂಕ್ಷನ್. ಇನ್ನೊಂದು ಬೇಕಿದ್ದವರು ಮೂಲ ಫೋರ್ಟ್ರಾನನ್ನೇ ತಿದ್ದಿ ಮತ್ತೆ ಕಂಪೈಲ್ ಮಾಡಬೇಕಿತ್ತು. 1984ರ ವಾಣಿಜ್ಯ ಆವೃತ್ತಿಯನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದ ಜ್ಯಾಕ್ ಲಿಟಲ್ ಮತ್ತು ಸ್ಟೀವ್ ಬ್ಯಾಂಗರ್ಟ್ ಆ ಗೋಡೆ ಒಡೆದರು. ಯಾರು ಬೇಕಾದರೂ ಒಂದು ಕಡತದಲ್ಲಿ ತಮ್ಮ ಫಂಕ್ಷನ್ ಬರೆದಿಟ್ಟರೆ ಮ್ಯಾಟ್‌ಲ್ಯಾಬ್ ಅದನ್ನು ತನ್ನದೇ ಎಂಬಂತೆ ಕರೆಯುತ್ತಿತ್ತು. ಅದು ಹಬ್ಬಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಈಗ ಗೋಡೆಯ ಜಾಗದಲ್ಲಿ ಬೆಲೆ ಬಂತು. ಸಣ್ಣ ಕಾಲೇಜುಗಳಿಗೆ ಅದರ ಲೈಸೆನ್ಸು ದುಬಾರಿ.

ಮೋಲರ್ ಅವರ ಹಳೆಯ ಕ್ಯಾಲ್ಕುಲೇಟರು ಮಾತ್ರ ಬಿಟ್ಟಿಯಾಗಿ ಹಂಚಿಹೋಗಿತ್ತು. ಅದರಿಂದ ಪ್ರೇರಣೆ ಪಡೆದು ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು ಕಟ್ಟಿದ ತಂತ್ರಾಂಶ 1990ರ ದಶಕದಲ್ಲಿ ‘ಸೈಲ್ಯಾಬ್’ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗತೊಡಗಿತು. ಅದು ಮುಂಬಯಿಯಲ್ಲಿ ನೆಲೆ ಕಂಡದ್ದು ಪವಯಿಯಲ್ಲಿ. ಐಐಟಿ ಬಾಂಬೆಯ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದ ‘ಫಾಸಿ’ ಯೋಜನೆ ಕೇಂದ್ರ ಸರ್ಕಾರದ ನೆರವಿನಿಂದ ಅದನ್ನು ಕಾಲೇಜುಗಳಿಗೆ ಮುಟ್ಟಿಸಲು ಹೊರಟಿತು. ಕೊಲಾಬಾದಿಂದ ಪವಯಿಗೆ ಮುಂಬಯಿಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋದಷ್ಟು ದೂರ. ಈ ಕತೆಯಲ್ಲೂ ಹಾಗೆಯೇ: ಅಲ್ಲಿ ಯಂತ್ರ ಒಂದೇ ಇತ್ತು, ಇಲ್ಲಿ ಯಂತ್ರ ಎಲ್ಲ ಕಡೆ ಇತ್ತು, ಅದರಲ್ಲಿ ಬರೆಯಬಲ್ಲವರು ಬೇಕಿತ್ತು.

ಫಾಸಿ ಹೂಡಿದ ಒಂದು ಉಪಾಯ ಸರಳವಾಗಿತ್ತು. ವಿದ್ಯಾರ್ಥಿಗಳು ತಮ್ಮ ವಿಷಯದ ಒಂದು ಪಠ್ಯಪುಸ್ತಕ ಆರಿಸಿಕೊಂಡು ಅದರಲ್ಲಿ ಬಿಡಿಸಿ ತೋರಿಸಿದ ಉದಾಹರಣೆಗಳಿಗೆಲ್ಲ ಸೈಲ್ಯಾಬ್ ಪ್ರೋಗ್ರಾಂ ಬರೆಯಬೇಕು. ಪರಿಶೀಲಿಸಿ ಒಪ್ಪಿದರೆ ಗೌರವಧನ, ಹೆಸರು, ಎಲ್ಲರೂ ಇಳಿಸಿಕೊಳ್ಳಬಹುದಾದ ಪ್ರಕಟಣೆ. ನೂರಾರು ಪುಸ್ತಕಗಳಿಗೆ ಹೀಗೆ ಜೊತೆಪುಸ್ತಕಗಳು ಆದವು. ಅದೇ ಆವರಣದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಸುಮಾರು ಹತ್ತು ನಿಮಿಷದ ಪಾಠಗಳನ್ನು ಕನ್ನಡವೂ ಸೇರಿ ಭಾರತದ ಅನೇಕ ಭಾಷೆಗಳಲ್ಲಿ ಕೇಳಿಸಿತು. ಒಂದು ಕಿಟಕಿಯಲ್ಲಿ ಪಾಠ, ಪಕ್ಕದ ಕಿಟಕಿಯಲ್ಲಿ ಸೈಲ್ಯಾಬ್. ಧ್ವನಿ ಹೇಳಿದಂತೆ ಮಾಡುತ್ತಾ ಹೋಗುವುದು. ಮೊದಲ ಸಾಲಿನಲ್ಲಿ ‘ಫಂಕ್ಷನ್’, ಕೊನೆಯಲ್ಲಿ ‘ಎಂಡ್‌ಫಂಕ್ಷನ್’, ನಡುವೆ ಸೂತ್ರ. ಅದೇ ಹೆಸರನ್ನು ಮತ್ತೆ ಬರೆದರೆ ‘ಫಂಕ್ಷನ್ ಅನ್ನು ಮರಳಿ ವ್ಯಾಖ್ಯಾನಿಸುತ್ತಿದ್ದೀರಿ’ ಎಂಬ ಎಚ್ಚರಿಕೆ. ಪೈ ಎಂಬ ಸ್ಥಿರಾಂಕದ ಮುಂದೆ ಶೇಕಡಾ ಚಿಹ್ನೆ ಹಾಕಿ ಕಾಪಾಡಿದ್ದಾರೆ, ಅದಕ್ಕೆ 3 ಎಂದು ಹೊಸ ಬೆಲೆ ಕೊಡಲು ಹೋದರೆ ಸೈಲ್ಯಾಬ್ ಒಪ್ಪುವುದಿಲ್ಲ.

ಆ ಪಾಠಗಳಲ್ಲಿ ಧ್ವನಿ ಕನ್ನಡ, ಪರದೆಯ ಮೇಲಿನ ಅಕ್ಷರ ಇಂಗ್ಲಿಷ್. ಯೋಜನೆಯವರು ಬೇಕೆಂದೇ ಹೀಗಿಟ್ಟದ್ದು: ಉದ್ಯೋಗಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಕೆಲಸದ ಪರದೆ ಇಂಗ್ಲಿಷಿನಲ್ಲೇ ಸಿಗುತ್ತದೆ, ವಿವರಣೆ ಮಾತ್ರ ತಾಯ್ನುಡಿಯಲ್ಲಿ ಸಿಗಲಿ ಎಂದು. ನ್ಯಾಯವಾದ ಮಾತು. ಆದರೂ ಆಳವನ್ನು ಆಳ ಎಂದೇ ಬರೆಯಲು ಬರುತ್ತದೆಯೇ ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಕನ್ನಡ ಅಕ್ಷರ ಪರದೆಗೆ ಬಂದ ದಾರಿಯಲ್ಲೂ ಮುಂಬಯಿ ಸಿಗುತ್ತದೆ. ಮೈಕ್ರೊಸಾಫ್ಟ್ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸ ತಯಾರಾದದ್ದು ಪವಯಿಯಲ್ಲಿ ಪಾಠ ಹೇಳಿದ್ದ ಅಕ್ಷರಶಿಲ್ಪಿ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ. ಹೆಸರಾಗಿ ಬಳಸುವ ಅವಕಾಶ ಇನ್ನಷ್ಟು ತಡವಾಯಿತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3, ಯುನಿಕೋಡಿನ ಯಾವ ಲಿಪಿಯ ಅಕ್ಷರದಲ್ಲಾದರೂ ಚರಾಕ್ಷರ, ಫಂಕ್ಷನ್‌ಗಳಿಗೆ ಹೆಸರಿಡಲು ಬಿಟ್ಟಿತು. ಪೈಥಾನನ್ನು ಕ್ಯಾಲ್ಕುಲೇಟರಿನಂತೆ ತೆರೆದು ಕೂತವರು ಈಗ ‘ತ್ರೈರಾಶಿ’ ಎಂಬ ಹೆಸರಿನ ಫಂಕ್ಷನ್ ಬರೆದು, ಕಂಸದಲ್ಲಿ ಪ್ರಮಾಣ, ಫಲ, ಇಚ್ಛಾ ಎಂದು ಕನ್ನಡದಲ್ಲೇ ಬರೆಯಬಹುದು. ಐದು ಸೇರಿಗೆ 300 ರೂಪಾಯಿಯಾದರೆ ಎಂಟು ಸೇರಿಗೆ 480 ಎಂದು ಉತ್ತರ ಬರುತ್ತದೆ. ಫಂಕ್ಷನ್ ಶುರುಮಾಡುವ ಮತ್ತು ಉತ್ತರ ಹಿಂತಿರುಗಿಸುವ ಎರಡು ಪದಗಳು ಮಾತ್ರ ಇಂಗ್ಲಿಷಿನಲ್ಲಿ ಉಳಿಯುತ್ತವೆ.

ಅಂಕಿಗಳದ್ದು ವಿಚಿತ್ರ. ಉದ್ಧರಣ ಚಿಹ್ನೆಯೊಳಗೆ ೧೨ ಎಂದು ಕೊಟ್ಟು ಸಂಖ್ಯೆಯಾಗಿಸು ಎಂದರೆ ಪೈಥಾನ್ ಸರಿಯಾಗಿ ಹನ್ನೆರಡು ಎಂದು ಓದುತ್ತದೆ. ಅದೇ ೧೨ನ್ನು ನೇರವಾಗಿ ಲೆಕ್ಕದಲ್ಲಿ ಬರೆದರೆ ತಪ್ಪು ಎನ್ನುತ್ತದೆ. ಹೆಸರಿನಲ್ಲಿ ಇನ್ನೊಂದು ತೊಡಕು. ‘ಬ್ಯಾಂಕ್‌ಬಡ್ಡಿ’ ಎಂದು ಬರೆಯುವಾಗ ಕ್ ಮತ್ತು ಬ ಒತ್ತಕ್ಷರವಾಗಿ ಅಂಟಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಕನ್ನಡದಲ್ಲಿ ಟೈಪ್ ಮಾಡುವವರು ಅನೇಕ ಸಲ ಗೊತ್ತಿಲ್ಲದೆಯೇ ಅದನ್ನು ಒತ್ತಿರುತ್ತಾರೆ. ಪೈಥಾನ್ ಅದನ್ನು ಹೆಸರಿನ ಭಾಗವೆಂದು ಒಪ್ಪುವುದಿಲ್ಲ, ಕಾಣದ ಅಕ್ಷರವಿದೆ ಎಂದು ದೂರುತ್ತದೆ, ಬರೆದವರು ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ಆ ಗುರುತನ್ನು ಅಳಿಸಿ, ಅದರ ಜಾಗದಲ್ಲಿ ಒಂದು ಅಡಿಗೆರೆ ಎಳೆದು ‘ಬ್ಯಾಂಕ್_ಬಡ್ಡಿ’ ಎಂದರೆ ಒಪ್ಪುತ್ತದೆ.